ಏಳು ತಲೆಮಾರುಗಳ ನಿರೀಕ್ಷೆ

ಜಪಾನು ದೇಶದ ನಾಗಸಾಕಿ ಪಟ್ಟಣಕ್ಕೆ ಉತ್ತರದಲ್ಲಿರುವ ಉರಕಾಮಿ ಕಣಿವೆಯ ಬಡ ರೈತರು, ಧರ್ಮಗುರುವೊಬ್ಬನ ಮುಖವನ್ನೂ ಕಾಣದೆ, ಇನ್ನೂರಕ್ಕೂ ಮಿಕ್ಕ ವರ್ಷಗಳ ಕಾಲ ಕ್ರೈಸ್ತಧರ್ಮವನ್ನು ಕಾಪಾಡಿಕೊಂಡು ಬಂದ ವೃತ್ತಾಂತವು ಭಕ್ತಿಯ ಇತಿಹಾಸದಲ್ಲಿ ಅಪೂರ್ವವಾದುದು.

ಗೋವೆಯಿಂದ ಹೊರಟ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಜಪಾನಿನಲ್ಲಿ ಬಿತ್ತಿದ ಧರ್ಮವು ಅರ್ಧ ಶತಮಾನದೊಳಗೆ ರಾಜಕೋಪಕ್ಕೆ ಗುರಿಯಾಯಿತು. 1597ರಲ್ಲಿ ನಾಗಸಾಕಿಯ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಿದರು. ಅವರಲ್ಲೊಬ್ಬನು ನಮ್ಮ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯ. 1614ರಲ್ಲಿ ಧರ್ಮವೇ ನಿಷಿದ್ಧವಾಯಿತು. 1644ರಲ್ಲಿ, ಮರೆಯಲ್ಲಿ ಉಳಿದಿದ್ದ ಕೊನೆಯ ಗುರುವೂ ಹತನಾದನು. ವರ್ಷಾರಂಭದಲ್ಲಿ ಮನೆಮನೆಯವರೂ ಗ್ರಾಮಾಧಿಕಾರಿಯ ಮನೆಗೆ ಹೋಗಿ, ಕ್ರಿಸ್ತನ ಅಥವಾ ಮರಿಯಮ್ಮನವರ ಪ್ರತಿಮೆಯನ್ನು ಕಾಲಿಂದ ತುಳಿಯಬೇಕೆಂದು ಆಜ್ಞೆಯಾಯಿತು. ತುಳಿದು ಮನೆಗೆ ಮರಳಿದವರು ಬಾಗಿಲಿಕ್ಕಿಕೊಂಡು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿಕೊಳ್ಳುತ್ತಿದ್ದರು. ದುರ್ಬಲನನ್ನೂ ದೇವರು ಕೈಬಿಡನೆಂಬ ನಂಬಿಕೆಯೇ ಅವರ ಆಸರೆ.

ಏಳು ತಲೆಮಾರು ಕಳೆದ ಮೇಲೆ ಗುರುಗಳು ದೊಡ್ಡ ಹಡಗುಗಳಲ್ಲಿ ಬರುವರೆಂದು, ಮರಣದಂಡನೆಗೆ ಗುರಿಯಾದ ಬಾಸ್ತಿಯನ್ ಎಂಬ ಉಪದೇಶಿಯು ನುಡಿದಿದ್ದನೆಂದು ಪರಂಪರೆಯು ಹೇಳುತ್ತದೆ. ಅಲ್ಲಿಯವರೆಗೆ ಕಾಯುವುದಕ್ಕೂ ಒಂದು ಕ್ರಮ ಬೇಕಷ್ಟೆ! ಗುರುವಿಲ್ಲದೆ ಪರಮಪ್ರಸಾದವಿಲ್ಲ, ಪಾಪನಿವೇದನೆಯಿಲ್ಲ. ಆದರೆ ಅಗತ್ಯಬಿದ್ದಾಗ ಗೃಹಸ್ಥನೂ ಜ್ಞಾನಸ್ನಾನವನ್ನು ಕೊಡಬಹುದು. ಆದುದರಿಂದ ಉರಕಾಮಿಯವರು ಒಬ್ಬನಿಗೆ ಪಂಚಾಂಗವನ್ನು ಕಾಯುವ ಹೊಣೆಯನ್ನೂ, ಇನ್ನೊಬ್ಬನಿಗೆ ಕೂಸುಗಳ ತಲೆಗೆ ನೀರೆರೆದು ಮಂತ್ರೋಚ್ಚಾರ ಮಾಡುವ ಹೊಣೆಯನ್ನೂ, ಮತ್ತೊಬ್ಬನಿಗೆ ಹಬ್ಬಗಳ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವ ಹೊಣೆಯನ್ನೂ ಒಪ್ಪಿಸಿದರು. ತಂದೆಯ ಬಾಯಿಂದ ಮಗನ ಕಿವಿಗೆ ಪ್ರಾರ್ಥನೆಗಳು ಇಳಿದು ಬಂದುವು.

1865ರ ಮಾರ್ಚ್ 17ರಂದು, ವಿದೇಶೀಯರಿಗಾಗಿ ಫ್ರೆಂಚ್ ಗುರುಗಳು ನಾಗಸಾಕಿಯಲ್ಲಿ ಹೊಸತಾಗಿ ಕಟ್ಟಿಸಿದ್ದ ಓವುರಾ ದೇವಾಲಯದ ಬಾಗಿಲಲ್ಲಿ, ಉರಕಾಮಿಯ ಹಳ್ಳಿಗರ ಚಿಕ್ಕ ಗುಂಪೊಂದು ಬಂದು ನಿಂತಿತು. ಪ್ರಾರ್ಥಿಸುತ್ತಿದ್ದ ಗುರು ಪೆತಿಜಾನರ ಬಳಿ ಮೊಣಕಾಲೂರಿದ ಸ್ತ್ರೀಯೊಬ್ಬಳು, ತಮ್ಮೆಲ್ಲರ ಹೃದಯವೂ ಅವರ ಹೃದಯದಂತೆಯೇ ಇರುವುದೆಂದು ತಗ್ಗಿದ ದನಿಯಲ್ಲಿ ತಿಳಿಸಿ, ಮರಿಯಮ್ಮನವರ ಪ್ರತಿಮೆಯೆಲ್ಲಿ ಎಂದು ಕೇಳಿದಳು. ಅಂದು ದುಃಖಕಾಲದ ಹದಿನೇಳನೆಯ ದಿನವೆಂದೂ ಅವರು ಹೇಳಿದರು. ದುಃಖಕಾಲವೆಂದರೆ ತಪಸ್ಸುಕಾಲ; ಅದು ಮೊದಲಾಗುವ ಬೂದಿ ಬುಧವಾರವು ಆ ವರ್ಷ ಮಾರ್ಚ್ 1ರಂದೇ ಬಂದಿತ್ತು. ಚಾಂದ್ರಮಾನದಲ್ಲಿ ಕಾಲವೆಣಿಸುತ್ತಿದ್ದ ನಾಡಿನಲ್ಲಿ, ಏಳು ತಲೆಮಾರುಗಳ ಕತ್ತಲೆಯನ್ನು ದಾಟಿ ಬಂದ ಲೆಕ್ಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಕಷ್ಟಗಳು ಅಲ್ಲಿಗೇ ಮುಗಿಯಲಿಲ್ಲ. ಬಹಿರಂಗವಾಗಿ ಧರ್ಮವನ್ನು ಒಪ್ಪಿಕೊಂಡ ಉರಕಾಮಿಯ ಸುಮಾರು 3,400 ಮಂದಿಯನ್ನು ಸರಕಾರವು 1868ರಿಂದ ದೇಶದ ನಾನಾ ಭಾಗಗಳಿಗೆ ಗಡೀಪಾರು ಮಾಡಿತು. 600ಕ್ಕೂ ಹೆಚ್ಚು ಜನ ಅಲ್ಲಿಯೇ ಮಡಿದರು. 1873ರಲ್ಲಿ ಧರ್ಮದ ನಿಷೇಧವನ್ನು ಸಾರುತ್ತಿದ್ದ ಫಲಕಗಳು ಇಳಿದ ಮೇಲೆ ಊರಿಗೆ ಮರಳಿದವರು, ತಮ್ಮ ಹಿರಿಯರು ಪ್ರತಿಮೆಯನ್ನು ತುಳಿಯಬೇಕಾಗಿದ್ದ ಆ ಗ್ರಾಮಾಧಿಕಾರಿಯ ನಿವೇಶನವನ್ನೇ ಕೊಂಡು, ಅಲ್ಲಿ ತಮ್ಮ ದೇವಾಲಯವನ್ನು ಕಟ್ಟಿದರು.

ಬಾಸ್ತಿಯನ್ನನ ಮಾತನ್ನು ಮೊದಲು ನಂಬಿದವರಿಗೆ, ಆ ಹಡಗು ತಮ್ಮ ಕಣ್ಣಿಗೆ ಬೀಳಲಾರದೆಂಬುದು ಚೆನ್ನಾಗಿ ತಿಳಿದಿತ್ತು. ತಿಳಿದೂ ಅವರು ದಿನಗಳನ್ನೆಣಿಸಿದರು, ಮಕ್ಕಳಿಗೆ ಪ್ರಾರ್ಥನೆಯನ್ನು ಕಲಿಸಿದರು. ತಾವು ಕಾಣದ ಫಲಕ್ಕಾಗಿ ಇಂದಿನ ಕರ್ತವ್ಯವನ್ನು ಬಿಡದೆ ನಡೆಸುವುದೇ ಕ್ರೈಸ್ತ ಭರವಸೆಯ ನಿಜವಾದ ಸ್ವರೂಪ.