ಆಗ್ನೇಯ ವಯನಾಡಿನ ಚಿನ್ನದ ಸಿರೆ: ಹಳೆಯ ಕುಳಿಗಳ ಸಾಕ್ಷ್ಯ

ದೇವಾಲ, ಪಂದಲೂರುಗಳ ಚಹಾ ತೋಟಗಳ ನಡುವೆ ಹಳೆಯ ಗಣಿಗಳ ಕುಳಿಗಳೂ ಸುರಂಗಗಳೂ ಉಳಿದಿವೆ. ಇಂದು ನೀಲಗಿರಿ ಜಿಲ್ಲೆಗೆ ಸೇರಿದ ಈ ಸೀಮೆ 1877ರವರೆಗೆ ಮಲಬಾರಿನ ವಯನಾಡು ತಾಲ್ಲೂಕಿನ ಭಾಗವಾಗಿತ್ತು. ಇಲ್ಲಿನ ಗಣಿಗಾರಿಕೆಯ ಚರಿತ್ರೆಯನ್ನು ಸಾಮಾನ್ಯವಾಗಿ ಲಂಡನ್ ಷೇರುಪೇಟೆಯ ಉಬ್ಬರವಿಳಿತದ ಕಥೆಯಾಗಿಯೇ ಹೇಳಲಾಗುತ್ತದೆ. ಕುಳಿಗಳ ಸಾಕ್ಷ್ಯವನ್ನು ಮುಂದಿಟ್ಟುಕೊಂಡರೆ ಬೇರೊಂದು ಚರಿತ್ರೆ ತೆರೆದುಕೊಳ್ಳುತ್ತದೆ.

ಪ್ರಾಚೀನ ನೈಸ್ ಶಿಲೆಗಳನ್ನು ಸೀಳಿಕೊಂಡು ಹೋಗುವ ಬೆಣಚುಕಲ್ಲಿನ ಸಿರೆಗಳಲ್ಲಿ ಇಲ್ಲಿನ ಚಿನ್ನವಿದೆ. ಆಳದಲ್ಲಿ ಅದು ಪೈರೈಟ್‌ನಂತಹ ಗಂಧಕಯುಕ್ತ ಖನಿಜಗಳೊಡನೆ ಬೆರೆತಿರುತ್ತದೆ. ಮೇಲ್ಪದರದಲ್ಲಾದರೋ ಮಳೆನೀರು ಮತ್ತು ಗಾಳಿಯಿಂದ ಪೈರೈಟ್ ಶಿಥಿಲಗೊಂಡು, ಚಿನ್ನದ ಕಣಗಳು ಬಿಡುಗಡೆಯಾಗುತ್ತವೆ. ಅಂಥ ಕಲ್ಲನ್ನು ಕುಟ್ಟಿ ತೊಳೆದರೆ ಚಿನ್ನ ಕೈಗೆ ಸಿಗುತ್ತದೆ. ತೊರೆಗಳ ಮರಳಿನಲ್ಲಿ ದೊರೆಯುವುದೂ ಹೀಗೆ ಬಿಡುಗಡೆಯಾದ ಚಿನ್ನವೇ. ಕುರುಂಬರೂ ಪಣಿಯರೂ ತೊಳೆದು ತೆಗೆಯುತ್ತಿದ್ದುದು ಇದನ್ನೇ.

ಕಾಫಿ ತೋಟಗಾರರ ಆಸಕ್ತಿಯಿಂದ 1870ರ ದಶಕದಲ್ಲಿ ಶೋಧ ಚುರುಕಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ 1875ರಲ್ಲಿ ಪ್ರಾಥಮಿಕ ಟಿಪ್ಪಣಿ ಪ್ರಕಟಿಸಿದರು. ಆಸ್ಟ್ರೇಲಿಯಾದಿಂದ ಬಂದ ರಾಬರ್ಟ್ ಬ್ರೌ ಸ್ಮಿತ್ 1880ರಲ್ಲಿ ಆಶಾದಾಯಕ ವರದಿ ನೀಡಿದರು; ಸ್ಥಳೀಯರ ಹಳೆಯ ಕೆಲಸಗಳ ವಿಸ್ತಾರವೂ ಅದರಲ್ಲಿ ದಾಖಲಾಗಿದೆ. ಬೆನ್ನಲ್ಲೇ ನಲವತ್ತರಷ್ಟು ಕಂಪನಿಗಳು ಸುಮಾರು 50 ಲಕ್ಷ ಪೌಂಡ್ ಬಂಡವಾಳದ ಹೆಸರಿನಲ್ಲಿ ಹುಟ್ಟಿಕೊಂಡವು. ಕೆಲವೇ ವರ್ಷಗಳಲ್ಲಿ ಬಹುತೇಕ ಎಲ್ಲವೂ ಮುಳುಗಿದವು. ಸಟ್ಟಾ ವ್ಯವಹಾರದಷ್ಟೇ ಅದಿರಿನ ಸ್ವಭಾವವೂ ಇದಕ್ಕೆ ಕಾರಣ. ಸರಾಸರಿ ಅಂಶ ಕಡಿಮೆ. ಕುಟ್ಟುಯಂತ್ರ ಮತ್ತು ಪಾದರಸಗಳ ವಿಧಾನಕ್ಕೆ ಪೈರೈಟ್‌ನೊಳಗಿನ ಚಿನ್ನ ಸುಲಭವಾಗಿ ದಕ್ಕುವುದಿಲ್ಲ. 1901ರಲ್ಲಿ ಹೇಡನ್ ಮತ್ತು ಹ್ಯಾಚ್ ಪ್ರಕಟಿಸಿದ ಅಧ್ಯಯನವೂ ನಿರಾಶೆಯನ್ನೇ ದೃಢಪಡಿಸಿತು.

ಹಳೆಯ ಕುಳಿಗಳಿದ್ದರೆ ಕೆಳಗೆ ಇನ್ನೂ ಹೆಚ್ಚಿನ ನಿಧಿಯಿದೆಯೆಂದು ಹೂಡಿಕೆದಾರರು ನಂಬಿದರು. ಯಾವ ಕಲ್ಲು ಚಿನ್ನ ಬಿಟ್ಟುಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬ ತಿಳಿವಳಿಕೆಯ ಗುರುತುಗಳಾಗಿಯೂ ಅವೇ ಕುಳಿಗಳನ್ನು ಓದಲು ಸಾಧ್ಯವಿತ್ತು. ಸ್ಥಳೀಯ ಶ್ರಮವನ್ನು ದಾರಿತೋರುಕವಾಗಿ ಬಳಸಿಕೊಂಡವರು ಅದನ್ನು ಜ್ಞಾನವೆಂದು ಪರಿಗಣಿಸಲಿಲ್ಲ.

ಕನ್ನಡ ಅಧ್ಯಯನಕ್ಕೆ ಇಲ್ಲೊಂದು ಹೊಣೆಯಿದೆ. ‘ಕುರುಂಬ’ ಎಂಬ ಒಂದೇ ಹೆಸರಿನಡಿ ಭಿನ್ನ ನುಡಿಗಳ ಸಮುದಾಯಗಳಿವೆ. ಅವುಗಳಲ್ಲಿ ಜೇನು ಕುರುಂಬರ ಮಾತು ಕನ್ನಡಕ್ಕೆ ಹತ್ತಿರದ್ದು. ಕಲ್ಲು, ಮಣ್ಣು, ತೊರೆ, ತೊಳೆಯುವಿಕೆಗಳ ಕುರಿತು ಅವರ ನುಡಿಯಲ್ಲಿ ಉಳಿದಿರುವ ಪದಗಳ ಸಂಗ್ರಹ, ಇಂಗ್ಲಿಷ್ ವರದಿಗಳಲ್ಲಿ ಬರಿಯ ಕುಳಿಗಳಾಗಿ ಉಳಿದವರನ್ನು ಚರಿತ್ರೆಯೊಳಗೆ ತರುವ ಮೊದಲ ಹೆಜ್ಜೆಯಾದೀತು.