ಸ್ಟಾಕ್ ಕಾರ್ ಪಂದ್ಯದ ದೂರದರ್ಶನಪ್ರೇಕ್ಷಕರ ಕ್ಷಯ: ಒಂದು ಕಾರಣವಿಮರ್ಶೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರಸಿದ್ಧವಾದ ಸ್ಟಾಕ್ ಕಾರ್ ಪಂದ್ಯವನ್ನು ದೂರದರ್ಶನದಲ್ಲಿ ನೋಡುವವರ ಸಂಖ್ಯೆಯು 2006ನೆಯ ಇಸವಿಯಿಂದೀಚೆಗೆ ಬಹಳ ಕುಗ್ಗಿತೆಂಬುದರಲ್ಲಿ ವಿವಾದವಿಲ್ಲ. ಅದಕ್ಕೆ ಕಾರಣವೇನೆಂಬುದರಲ್ಲಿ ಮಾತ್ರ ಐಕಮತ್ಯವಿಲ್ಲ. ಶಾಸ್ತ್ರಪಾಠದಲ್ಲಿ ಬೆಳೆದವನಿಗೆ ಮೋಟಾರುಗಳ ಗೊಡವೆಯೇಕೆಂದು ವಾಚಕರು ಕೇಳಬಹುದು. ಬಹುಜನರು ಕೂಡಿ ನೋಡುವ ವಿನೋದವೊಂದು ಹೇಗೆ ಬೆಳೆಯಿತು, ಹೇಗೆ ಕ್ಷೀಣಿಸಿತೆಂಬುದು ಚರಿತ್ರೆಯ ಪ್ರಶ್ನೆಯೇ ಆಗಿದೆ. ಕಾರಣನಿರ್ಣಯದ ಕ್ರಮವಾದರೋ ಎಲ್ಲ ವಿಷಯಗಳಿಗೂ ಒಂದೇ.

ಮೊದಲು ಪದಾರ್ಥವನ್ನು ವಿಚಾರಿಸೋಣ. ಅಂಗಡಿಯ ದಾಸ್ತಾನಿನಲ್ಲಿ ಮಾರಾಟಕ್ಕಿಟ್ಟಿರುವಂಥ ಕಾರನ್ನೇ ಮಾರ್ಪಾಡಿಲ್ಲದೆ ಓಡಿಸತಕ್ಕದ್ದೆಂಬುದು ಈ ಹೆಸರಿನ ಯೌಗಿಕಾರ್ಥ. 1947ರ ಡಿಸೆಂಬರಿನಲ್ಲಿ ಫ್ಲಾರಿಡಾ ಪ್ರಾಂತದ ಡೇಟೋನಾ ಬೀಚಿನಲ್ಲಿ ಬಿಲ್ ಫ್ರಾನ್ಸ್ ಎಂಬಾತನು ಕರೆದ ಸಭೆಯಿಂದ ನ್ಯಾಸ್ಕಾರ್ ಸಂಸ್ಥೆಯು ಹುಟ್ಟಿತು. 1949ರ ಜೂನ್ 19ರಂದು ಷಾರ್ಲಟ್ ನಗರದಲ್ಲಿ ಈ ನಿಯಮದ ಮೊದಲನೆಯ ಪಂದ್ಯವು ನಡೆಯಿತು. ಅದರಲ್ಲಿ ಗ್ಲೆನ್ ಡನವೇ ಎಂಬಾತನು ಮೊದಲು ಗುರಿಯನ್ನು ಮುಟ್ಟಿದನು. ಆದರೆ ಆತನ ಕಾರಿನ ಸ್ಪ್ರಿಂಗುಗಳನ್ನು ಮಾರ್ಪಡಿಸಿದ್ದುದು ಪರೀಕ್ಷೆಯಲ್ಲಿ ತಿಳಿದುಬರಲು, ಜಯವನ್ನು ಜಿಮ್ ರೋಪರನಿಗೆ ಕೊಟ್ಟರು. ಸಾಮಾನ್ಯನು ಕೊಳ್ಳುವ ಕಾರೇ ಓಡಬೇಕೆಂಬ ನಿಯಮಕ್ಕೆ ಆಗ ಎಷ್ಟು ಬೆಲೆಯಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಮುಂದೆ ಪಂದ್ಯಕ್ಕಾಗಿಯೇ ಕಟ್ಟಿದ ಕಾರುಗಳು ಬಂದು ಹೆಸರು ರೂಢಾರ್ಥದಲ್ಲಿ ಮಾತ್ರ ನಿಂತಿತು. ಆದರೂ ಹೊರಗಿನ ಆಕಾರದಿಂದ ಇದು ಫೋರ್ಡ್, ಇದು ಷೆವರ್ಲೆ ಎಂದು ಗುರುತಿಸುವಷ್ಟು ಸಾದೃಶ್ಯವು ಬಹುಕಾಲ ಉಳಿದಿದ್ದಿತು.

ಈ ವಿನೋದವು ದಕ್ಷಿಣದ ಪ್ರಾಂತಗಳನ್ನು ದಾಟಿ ದೇಶವ್ಯಾಪಿಯಾದದ್ದು ದೂರದರ್ಶನದಿಂದ. 1971ರ ಜನವರಿಯಿಂದ ಸಿಗರೇಟಿನ ಜಾಹೀರಾತುಗಳನ್ನು ರೇಡಿಯೋ ಮತ್ತು ದೂರದರ್ಶನಗಳಲ್ಲಿ ನಿಷೇಧಿಸಲಾಗಿ, ಆರ್. ಜೆ. ರೆನಾಲ್ಡ್ಸ್ ತಂಬಾಕಿನ ಕಂಪೆನಿಯು ತನ್ನ ಧನವನ್ನು ಈ ಪಂದ್ಯಗಳಿಗೆ ಹರಿಸಿತು. 1979ರ ಫೆಬ್ರವರಿ 18ರಂದು ಸಿಬಿಎಸ್ ಸಂಸ್ಥೆಯು ಡೇಟೋನಾದ ಐನೂರು ಮೈಲಿಯ ಪಂದ್ಯವನ್ನು ಆದ್ಯಂತವಾಗಿ ನೇರಪ್ರಸಾರ ಮಾಡಿತು. ಅಂದು ಹಿಮಪಾತದ ದೆಸೆಯಿಂದ ದೇಶದ ಪೂರ್ವಭಾಗದ ಜನರು ಬಹುವಾಗಿ ಮನೆಗಳಲ್ಲಿಯೇ ಇದ್ದರು. ಕಡೆಯ ಸುತ್ತಿನಲ್ಲಿ ಮುಂದಿದ್ದ ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಲು, ಹಿಂದಿದ್ದ ರಿಚರ್ಡ್ ಪೆಟಿಯು ಗೆದ್ದನು. ಸೋತವರು ಬಯಲಿನಲ್ಲಿ ಕೈಕೈ ಮಿಲಾಯಿಸಿದ್ದನ್ನೂ ದೇಶವು ನೋಡಿತು. 2001ಕ್ಕೆ ಮೊದಲು ಆಯಾ ಪಂದ್ಯಮಾರ್ಗದ ಒಡೆಯರೇ ಪ್ರಸಾರದ ಹಕ್ಕನ್ನು ಮಾರುತ್ತಿದ್ದರು. ಆ ವರ್ಷದಿಂದ ಸಂಸ್ಥೆಯೇ ಎಲ್ಲವನ್ನೂ ಕೂಡಿಸಿ, ಆರು ವರ್ಷಗಳಿಗೆ ಸುಮಾರು 240 ಕೋಟಿ ಡಾಲರುಗಳಿಗೆ ಮಾರಿತು.

ಇನ್ನು ಕ್ಷಯಕ್ಕೆ ಪ್ರಮಾಣಗಳು. ಡೇಟೋನಾದ ಪಂದ್ಯವನ್ನು 2006ರಲ್ಲಿ ಸುಮಾರು 1 ಕೋಟಿ 94 ಲಕ್ಷ ಜನರು ನೋಡಿದರು. 2017ರಲ್ಲಿ ಸುಮಾರು 1 ಕೋಟಿ 19 ಲಕ್ಷ. 2019ರಲ್ಲಿ 92 ಲಕ್ಷ. 2022ರಲ್ಲಿ 89 ಲಕ್ಷ. 2021ರ 48 ಲಕ್ಷವನ್ನು ಈ ಸಾಲಿಗೆ ಸೇರಿಸಬಾರದು. ಅಂದು ಮಳೆಯಿಂದ ಪಂದ್ಯವು ಗಂಟೆಗಟ್ಟಲೆ ನಿಂತು ನಡುರಾತ್ರಿಯ ಮೇಲೆ ಮುಗಿಯಿತು. ಅಂಥ ದಿನದ ಲೆಕ್ಕವು ದೋಷದುಷ್ಟವಾದ ಹಸ್ತಪ್ರತಿಯಂತೆ. ಅದಲ್ಲದೆ 2020ರಿಂದ ನೀಲ್ಸನ್ ಸಂಸ್ಥೆಯು ಮನೆಯ ಹೊರಗೆ ನೋಡುವವರನ್ನೂ ಗಣನೆಗೆ ತಂದುಕೊಂಡಿತು. ಅಳತೆಗೋಲು ಉದ್ದವಾದ ಮೇಲೂ ಸಂಖ್ಯೆಯು ಹಿಂದಿನ ಮಟ್ಟಕ್ಕೆ ಏರಲಿಲ್ಲವಾದುದರಿಂದ ಕ್ಷಯವು ಸತ್ಯವೆಂದೇ ಒಪ್ಪತಕ್ಕದ್ದು.

ಕಾರಣವೆಂಬುದು ಕಾರ್ಯಕ್ಕಿಂತ ನಿಯತವಾಗಿ ಮುಂಚೆ ಇರತಕ್ಕದ್ದೆಂದು ನಮ್ಮ ತಾರ್ಕಿಕರು ಹೇಳುತ್ತಾರೆ. ಈ ಲಕ್ಷಣದಿಂದ ಪೂರ್ವಪಕ್ಷಗಳನ್ನು ಪರೀಕ್ಷಿಸೋಣ. ಕೈಯಲ್ಲಿ ಹಿಡಿಯುವ ಫೋನು ಮತ್ತು ಅಂತರ್ಜಾಲಗಳೇ ಕಾರಣವೆಂದು ಕೆಲವರು ಹೇಳುತ್ತಾರೆ. ಆದರೆ ಐಫೋನು ಮಾರಾಟಕ್ಕೆ ಬಂದದ್ದೇ 2007ರ ಜೂನಿನಲ್ಲಿ. ಅದು ಮನೆಮನೆಗೆ ಹರಡಿದ್ದು ಇನ್ನೂ ಮುಂದೆ. ಇದಲ್ಲದೆ ಇಲ್ಲಿ ವ್ಯಭಿಚಾರದೋಷವೂ ಇದೆ: ಅಮೆರಿಕಾದ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯವನ್ನು 2006ರಲ್ಲಿ ಸುಮಾರು 9 ಕೋಟಿ ಜನರು ನೋಡಿದರೆ 2015ರಲ್ಲಿ 11 ಕೋಟಿಗೆ ಮೀರಿ ನೋಡಿದರು. ಫೋನು ಇಬ್ಬರಿಗೂ ಸಮಾನವಾಗಿರಲು ಫಲವು ಭಿನ್ನವಾದದ್ದೇಕೆ? 2008ರ ಆರ್ಥಿಕಸಂಕಟವೇ ಕಾರಣವೆಂಬುದು ಎರಡನೆಯ ಪಕ್ಷ. ಅದು ಪಂದ್ಯಮಾರ್ಗದ ಆಸನಗಳು ಬರಿದಾದುದಕ್ಕೆ ಹೊಂದಬಹುದು. ಮನೆಯಲ್ಲಿ ಕುಳಿತು ನೋಡುವವನಿಗೆ ಟಿಕೀಟಿನ ಖರ್ಚೆಲ್ಲಿಯದು? 2001ರಲ್ಲಿ ಡೇಟೋನಾದ ಕಡೆಯ ಸುತ್ತಿನಲ್ಲಿ ಮಡಿದ ಡೇಲ್ ಅರ್ನ್‌ಹಾರ್ಟನ ಅಭಾವವೇ ಕಾರಣವೆಂಬುದು ಮೂರನೆಯದು. ಇದು ಪೂರ್ವವೃತ್ತಿಯೇನೋ ಸರಿ. ಆದರೆ 2006ರ ಮಹಾಸಂಖ್ಯೆಯು ಆತನ ಮರಣದ ಐದು ವರ್ಷಗಳ ಮೇಲಿನದು.

ಹಾಗಾದರೆ ಸಿದ್ಧಾಂತವೇನು? ನೂಲೊಂದರಿಂದಲೇ ವಸ್ತ್ರವಾಗದು, ಮಗ್ಗವೂ ನೇಯುವವನೂ ಕೂಡಬೇಕು. ಹಾಗೆಯೇ ಇಲ್ಲಿ ಒಂದು ಕಾರಣವಲ್ಲ, ಕಾರಣಸಾಮಗ್ರಿಯನ್ನು ಹುಡುಕತಕ್ಕದ್ದು. ಪ್ರೇಕ್ಷಕನಿಗೂ ಪಂದ್ಯಕ್ಕೂ ಮೂರು ಬಂಧಗಳಿದ್ದುವು: ಊರು, ಲೆಕ್ಕ, ಕಾರು. ಕಳ್ಳಭಟ್ಟಿಯ ಸಾರಾಯಿಯನ್ನು ರಾತ್ರಿ ಸಾಗಿಸಿ ಸಾರಥ್ಯವನ್ನು ಕಲಿತವರ ಸೀಮೆಯಾದ ವಿಲ್ಕ್ಸ್ ಜಿಲ್ಲೆಯ ನಾರ್ತ್ ವಿಲ್ಕ್ಸ್‌ಬರೋ ಮಾರ್ಗವು 1996ರಲ್ಲಿ ನಿಂತಿತು. ರಾಕಿಂಗ್‌ಹ್ಯಾಮಿನ ಪಂದ್ಯವು 2004ರಲ್ಲಿ ಹೋಯಿತು. ಡಾರ್ಲಿಂಗ್‌ಟನ್ನಿನಲ್ಲಿ 1950ರಿಂದ ಕಾರ್ಮಿಕದಿನದ ಹಬ್ಬಕ್ಕೆ ನಡೆಯುತ್ತಿದ್ದ ಪಂದ್ಯದ ತೇದಿಯನ್ನು 2004ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕೊಟ್ಟರು. ವರ್ಷವಿಡೀ ಗಳಿಸಿದ ಅಂಕಗಳನ್ನು ಕೂಡಿಸಿ ವಿಜೇತನನ್ನು ಆರಿಸುವ ಪದ್ಧತಿಯನ್ನು ಅದೇ ವರ್ಷ ಬಿಟ್ಟು, ಕಡೆಯ ಹತ್ತು ಪಂದ್ಯಗಳಿಗೆ ಹೊಸ ಲೆಕ್ಕವನ್ನು ತೊಡಗಿದರು. 2007ರಲ್ಲಿ ಎಲ್ಲ ಕಂಪೆನಿಗಳಿಗೂ ಬಹುಮಟ್ಟಿಗೆ ಒಂದೇ ಆಕಾರದ ಕಾರನ್ನು ತಂದರು. ಹಿಂದೆ ಹೇಳಿದ ಸಾದೃಶ್ಯವೂ ಅಳಿಯಿತು. ಕಾರಿನ ಮಾರ್ಪಾಡಿಗೆ ಅಪಾಯನಿವಾರಣೆಯ ಉದ್ದೇಶವಿದ್ದುದು ನಿಜ. ಉಳಿದೆರಡರಲ್ಲಿ ದೊಡ್ಡ ನಗರಗಳ ಹೊಸ ಪ್ರೇಕ್ಷಕರನ್ನು ಒಲಿಸುವ ಆಶೆಯೇ ಪ್ರಧಾನವಾಗಿತ್ತೆಂದು ತೋರುತ್ತದೆ.

ಈ ಮೂರರಲ್ಲಿ ಯಾವುದೊಂದೂ ಪ್ರೇಕ್ಷಕನನ್ನು ಕೂಡಲೇ ಎಬ್ಬಿಸಿ ಕಳುಹಿಸಲಿಲ್ಲ. ಅವನ ಬಂಧವನ್ನು ಮಾತ್ರ ಸಡಿಲಿಸಿದುವು. ಆಮೇಲೆ ಫೋನೂ ಸಂಕಟವೂ ಬಂದಾಗ ಸಡಿಲವಾಗಿದ್ದವನು ಮೊದಲು ಎದ್ದನು. ಹೊಸಬನಾದರೋ ಯಾವ ಬಂಧವೂ ಇಲ್ಲದೆ ಬಂದಿದ್ದವನು, ಬಂದಂತೆಯೇ ಹೋದನು. ಹೀಗೆ ಪೂರ್ವಪಕ್ಷಗಳು ಮಿಥ್ಯೆಯಲ್ಲ, ಸಹಕಾರಿಕಾರಣಗಳೆಂದು ನನ್ನ ಅಭಿಪ್ರಾಯ.

ಪ್ರಸಾರದ ಬೆಲೆಯು ಮಾತ್ರ ಇಳಿಯಲಿಲ್ಲ. 2025ರಿಂದ ಏಳು ವರ್ಷಗಳಿಗೆ ಅದು ಸುಮಾರು 770 ಕೋಟಿ ಡಾಲರುಗಳೆಂದು 2023ರಲ್ಲಿ ಒಪ್ಪಂದವಾಯಿತು. ಬಹುಜನರು ಏಕಕಾಲದಲ್ಲಿ ನೋಡುವಂಥದು ದೂರದರ್ಶನದಲ್ಲಿ ವಿರಳವಾಗಿರುವುದರಿಂದ ಉಳಿದವರಿಗೇ ಬೆಲೆ ಹೆಚ್ಚಿದೆ. ಆದುದರಿಂದ ಧನವನ್ನೇ ನೋಡುವವನಿಗೆ ಇಲ್ಲಿ ನಷ್ಟವು ಕಾಣದು. ಸಂಸ್ಥೆಯವರು ಮಾತ್ರ ನಷ್ಟವನ್ನು ಬಲ್ಲವರಂತೆ ನಡೆದುಕೊಂಡಿದ್ದಾರೆ. ಕಂಪೆನಿಗಳ ಕಾರುಗಳಿಗೆ 2013ರಲ್ಲಿ ಬೇರೆಬೇರೆ ಆಕಾರವು ಮರಳಿತು. ಡಾರ್ಲಿಂಗ್‌ಟನ್ನಿಗೆ 2015ರಲ್ಲಿ ಅದರ ಹಬ್ಬದ ತೇದಿಯು ದೊರೆಯಿತು. ಬಹುಕಾಲ ಹಾಳುಬಿದ್ದಿದ್ದ ನಾರ್ತ್ ವಿಲ್ಕ್ಸ್‌ಬರೋವಿನಲ್ಲಿ 2023ರ ಮೇ ತಿಂಗಳಲ್ಲಿ ಪ್ರಸಿದ್ಧ ಸಾರಥಿಗಳು ಮತ್ತೆ ಸ್ಪರ್ಧಿಸಿದರು. ಕಡಿದದ್ದನ್ನೇ ತಿರುಗಿ ಕಟ್ಟಲೆತ್ನಿಸಿರುವುದು ಮೇಲಿನ ಸಿದ್ಧಾಂತಕ್ಕೆ ಅವರೇ ನುಡಿದ ಸಾಕ್ಷ್ಯವೆಂದು ಭಾವಿಸುತ್ತೇನೆ. ಇದರಲ್ಲಿ ದೋಷವಿದ್ದರೆ ವಿದ್ವಾಂಸರು ತಿದ್ದಬೇಕಾಗಿ ಪ್ರಾರ್ಥನೆ.