ಕಿತ್ತ ಹಲ್ಲು ಮತ್ತೆ ಬೇರೂರಿದ ಕಥೆ

ಬುಡಸಮೇತ ಕಿತ್ತು ಬಂದ ಹಲ್ಲಿನ ಆಸೆಯನ್ನು ನಾವು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಆದರೆ ಅದನ್ನು ಅದರದೇ ಕುಳಿಯಲ್ಲಿ ಮರಳಿ ಕೂರಿಸಿ ಉಳಿಸಿಕೊಳ್ಳುವ ಪ್ರಯತ್ನಕ್ಕೆ ಸಾವಿರ ವರ್ಷಗಳ ಇತಿಹಾಸವಿದೆ.

ಸ್ಪೈನ್‌ನ ಕೊರ್ಡೋವಾದ ಬಳಿ ಬಾಳಿದ ಅಬುಲ್ ಕಾಸಿಮ್ ಅಝ್ಝಹ್ರಾವಿ (936-1013) 'ಅತ್ತಸ್ರೀಫ್' ಎಂಬ ಮೂವತ್ತು ಭಾಗಗಳ ವೈದ್ಯಗ್ರಂಥ ರಚಿಸಿದರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅಲುಗಾಡುವ ಹಲ್ಲನ್ನು ಪಕ್ಕದ ಗಟ್ಟಿ ಹಲ್ಲುಗಳಿಗೆ ತಂತಿಯಿಂದ ಹೆಣೆದು ಬಿಗಿಯುವ ಕ್ರಮವನ್ನು ಅವರು ಅಲ್ಲಿ ವಿವರಿಸುತ್ತಾರೆ. ತಂತಿ ಚಿನ್ನದ್ದೇ ಆಗಲಿ, ಬೆಳ್ಳಿ ಕೆಲವೇ ದಿನಗಳಲ್ಲಿ ಹಸಿರುಗಟ್ಟುತ್ತದೆ ಎನ್ನುತ್ತಾರೆ. ಸ್ವತಃ ಕೈಯಾಡಿಸಿದ ವೈದ್ಯನಿಗಲ್ಲದೆ ಇಂಥ ಮಾತು ಹೊಳೆಯದು. ಬಿದ್ದುಹೋದ ಒಂದೆರಡು ಹಲ್ಲುಗಳನ್ನೂ ಹೀಗೆಯೇ ಮರಳಿ ಕೂರಿಸಿ ಕಟ್ಟಬಹುದು, ಇಲ್ಲವೇ ಎತ್ತಿನ ಎಲುಬಿನಿಂದ ಹಲ್ಲು ಕೆತ್ತಿ ಇಡಬಹುದು ಎಂದೂ ಬರೆದಿದ್ದಾರೆ. 12ನೇ ಶತಮಾನದಲ್ಲಿ ಕ್ರೆಮೋನಾದ ಗೆರಾರ್ಡ್ ಈ ಭಾಗವನ್ನು ಲ್ಯಾಟಿನ್‌ಗೆ ತಂದ ಮೇಲೆ ಯುರೋಪಿನ ವೈದ್ಯರಿಗೆ ಅದು ಶತಮಾನಗಳ ಕಾಲ ಕೈಪಿಡಿಯಾಯಿತು.

16ನೇ ಶತಮಾನದ ಫ್ರಾನ್ಸ್‌ನ ಆಂಬ್ರೋಸ್ ಪಾರೆ, ಪೆಟ್ಟು ತಿಂದು ಕಳಚಿದ ಹಲ್ಲುಗಳನ್ನು ಮರಳಿ ಕಟ್ಟಿದ್ದನ್ನು ದಾಖಲಿಸಿದ್ದಾರೆ. ಅವರ ಬರಹದಲ್ಲೇ ಇನ್ನೊಂದು ಸುದ್ದಿಯೂ ಇದೆ. ರಾಜಮನೆತನದ ಹೆಂಗಸೊಬ್ಬಳು ತನ್ನ ಹಲ್ಲು ಕೀಳಿಸಿಕೊಂಡು, ಆ ಜಾಗಕ್ಕೆ ಪರಿಚಾರಿಕೆಯ ಹಲ್ಲನ್ನು ಹಾಕಿಸಿಕೊಂಡಳಂತೆ! ಪರಿಚಾರಿಕೆಯ ಬಾಯಿಯ ಗತಿ ಏನಾಯಿತೆಂದು ಕೇಳಿದವರಿಲ್ಲ.

18ನೇ ಶತಮಾನದ ಲಂಡನ್‌ನಲ್ಲಿ ಇದೇ ವ್ಯಾಪಾರವಾಯಿತು. ಬಡವರು ಕಾಸಿಗಾಗಿ ತಮ್ಮ ಗಟ್ಟಿ ಹಲ್ಲುಗಳನ್ನು ಮಾರಿದರು, ಸಿರಿವಂತರು ಕೊಂಡು ಬಾಯಲ್ಲಿ ನೆಡಿಸಿಕೊಂಡರು. ಚಿಮಣಿ ಗುಡಿಸುವ ಹುಡುಗನ ಹಲ್ಲನ್ನು ಕಿತ್ತು ಸಿರಿವಂತೆಗೆ ಕೂರಿಸುವ ದೃಶ್ಯವನ್ನು ಥಾಮಸ್ ರೋಲ್ಯಾಂಡ್‌ಸನ್ 1787ರ ವ್ಯಂಗ್ಯಚಿತ್ರದಲ್ಲಿ ತೋರಿಸಿದ್ದಾರೆ. ಈ ನಾಟಿಗೆ ಶಾಸ್ತ್ರದ ಬೆಂಬಲ ಕೊಟ್ಟವರು ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರ್. ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ನೋಡಿದ ಮಹಾಶಯರು ಇವರೇ. ಹುಳುಕು ಹಲ್ಲನ್ನು ಕಿತ್ತು, ಕುದಿಸಿ ರೋಗ ತೆಗೆದು, ಮರಳಿ ಕೂರಿಸಬಹುದೆಂಬುದೂ ಅವರ ಎಣಿಕೆಯಾಗಿತ್ತು.

ಎಡವಿದ್ದು ಇಲ್ಲಿಯೇ. ಬೇರನ್ನು ದವಡೆಯ ಎಲುಬಿಗೆ ಬಂಧಿಸುವುದು ಅದರ ಮೇಲಿನ ನಾರಿನ ತೆಳುಪೊರೆ. ಅದು ಜೀವಂತವಾಗಿದ್ದರೆ ಹಲ್ಲು ಮತ್ತೆ ಅಂಟಿಕೊಳ್ಳುತ್ತದೆ. ಸತ್ತರೆ ದೇಹವೇ ಬೇರನ್ನು ಮೆಲ್ಲಗೆ ಕರಗಿಸಿ ಆ ಜಾಗದಲ್ಲಿ ಎಲುಬು ತುಂಬುತ್ತದೆ. ಕುದಿಸಿದರೆ ಉಳಿಯುವುದೆಂತು? 1966ರಲ್ಲಿ ಡೆನ್ಮಾರ್ಕಿನ ಆಂಡ್ರೇಸನ್ ಮತ್ತು ಹ್ಯೋರ್ಟಿಂಗ್ ಹಾನ್ಸನ್ ಮರಳಿ ಕೂರಿಸಿದ 110 ಹಲ್ಲುಗಳ ಅಧ್ಯಯನ ಪ್ರಕಟಿಸಿದರು. ಅರ್ಧ ಗಂಟೆಯೊಳಗೆ ಕೂರಿಸಿದವುಗಳಲ್ಲಿ ಶೇ. 90ರಷ್ಟರ ಬೇರು ಕರಗಿರಲಿಲ್ಲ. ಎರಡು ಗಂಟೆ ಮೀರಿದವುಗಳಲ್ಲಿ ಶೇ. 95ರಷ್ಟರದು ಕರಗತೊಡಗಿತ್ತು.

ರೂಟ್ ಕೆನಾಲ್ ಚಿಕಿತ್ಸೆ ಫಲಿಸದ ಹಲ್ಲನ್ನು ದಂತವೈದ್ಯರು ಬೇಕೆಂದೇ ಕಿತ್ತು, ಬೇರಿನ ತುದಿಯನ್ನು ಸರಿಪಡಿಸಿ, ಕೆಲವೇ ನಿಮಿಷಗಳಲ್ಲಿ ಮರಳಿ ಕೂರಿಸುವುದು ಇಂದಿಗೂ ಉಂಟು. ಆಟದ ಬಯಲಲ್ಲಿ ಮಗುವಿನ ಶಾಶ್ವತ ಹಲ್ಲು ಕಿತ್ತು ಬಿದ್ದರೂ ಇದೇ ಲೆಕ್ಕ. ಬೇರನ್ನು ಮುಟ್ಟದೆ, ಉಜ್ಜದೆ, ಹಲ್ಲಿನ ಮೇಲ್ಭಾಗ ಹಿಡಿದೆತ್ತಬೇಕು. ಮಣ್ಣಾಗಿದ್ದರೆ ಹಾಲಿನಲ್ಲೋ ನೀರಿನಲ್ಲೋ ಮೆಲ್ಲಗೆ ತೊಳೆದು ಕೂಡಲೇ ಕುಳಿಯಲ್ಲಿ ಕೂರಿಸಬೇಕು. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿಟ್ಟು ದಂತವೈದ್ಯರಲ್ಲಿಗೆ ಓಡಬೇಕು. ಕಾಗದದಲ್ಲಿ ಸುತ್ತಿ ಒಯ್ದರೆ ಪೊರೆ ಒಣಗಿ ಸಾಯುತ್ತದೆ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು, ಅದರಡಿ ಬೆಳೆಯುತ್ತಿರುವ ಹೊಸ ಹಲ್ಲಿಗೆ ಏಟಾದೀತು. ಅದು ಹಿಂದಿನಂತೆ ಮಾಡಿನ ಮೇಲೆಯೇ ಹೋಗಲಿ.